ಗುಣವಾಗದಿದ್ದಾಗ

ಅಜ್ಜಂಪುರ, ತರೀಕೆರೆಗಳ ಸೀಮೆಯಲ್ಲಿ ಹಿಂದೆ ಚಳಿಜ್ವರಕ್ಕೆ ಮಕ್ಕಳನ್ನು ಒಪ್ಪಿಸಿದ ತಾಯಂದಿರು ಅನೇಕರು. ಇಂದಿಗೂ ರೋಗಿಯ ಹಾಸಿಗೆಯ ಬಳಿ ಮೊಣಕಾಲೂರಿ ರಾತ್ರಿಯೆಲ್ಲಾ ಬೇಡಿಕೊಂಡರೂ ಬೆಳಗಾಗುವಷ್ಟರಲ್ಲಿ ಶೋಕವು ತುಂಬುವ ಮನೆಗಳುಂಟು. ಅಂಥ ಮನೆಗೆ ಹೋಗಿ, “ನಿಮ್ಮ ನಂಬಿಕೆ ಸಾಲದೆ ಹೋಯಿತು” ಎನ್ನುವವರು ನಮ್ಮಲ್ಲಿಯೇ ಇದ್ದಾರೆ. ಇದು ಯೋಬನ ಸ್ನೇಹಿತರ ಬಗೆಯ ಮಾತು, ಕ್ರಿಸ್ತನ ಮಾತಲ್ಲ.

ಪೌಲನು ತನ್ನ ಶರೀರದಲ್ಲಿ ನಾಟಿದ ಮುಳ್ಳು ತೊಲಗಬೇಕೆಂದು ಮೂರಾವರ್ತಿ ಬೇಡಿದನು. ಮುಳ್ಳು ಉಳಿಯಿತು, ತಾಳುವ ಕೃಪೆ ದೊರೆಯಿತು. ಗೆತ್ಸೇಮನೆ ತೋಟದಲ್ಲಿ ಕರ್ತನ ಮುಂದಿದ್ದ ಪಾತ್ರೆಯೂ ತೊಲಗಲಿಲ್ಲ. ಇವರಿಗೆ ನಂಬಿಕೆ ಸಾಲದೆಂದು ಹೇಳುವ ಧೈರ್ಯ ಯಾರಿಗುಂಟು?

ಮೈಸೂರಿನಲ್ಲಿ 1906ರಲ್ಲಿ ಸ್ತ್ರೀಯರಿಗೂ ಮಕ್ಕಳಿಗೂ ಬಾಗಿಲು ತೆರೆದ ಮಿಷನ್ ಆಸ್ಪತ್ರೆಯು ಮೇರಿ ಕ್ಯಾಲ್ವರ್ಟ್ ಹೋಲ್ಡ್ಸ್‌ವರ್ತ್ ಎಂಬ ಮಿಷನರಿ ಪತ್ನಿಯ ಸ್ಮಾರಕವಾಗಿದೆ. ಅಗಲಿದವಳ ಹೆಸರು ಅಲ್ಲಿ ಬದುಕುವವರಿಗೆ ಆಸರೆಯಾಯಿತು. ಸಾವಿಗೆ ಕಾರಣವನ್ನು ಹುಡುಕುವುದಕ್ಕಿಂತ ಇಂಥ ಸೇವೆಯೇ ವಿಶ್ವಾಸಕ್ಕೆ ತಕ್ಕ ಉತ್ತರ.

ಪ್ರಿಯ ಸಹೋದರಿಯರೇ, ತಂದೆತಾಯಿಗಳೇ, ಪ್ರಾರ್ಥಿಸೋಣ. ವೈದ್ಯರನ್ನೂ ತಡಮಾಡದೆ ಕರೆಸೋಣ. ಗುಣವಾಗದೆ ಹೋದರೆ, ಆ ಮನೆಯ ಒಲೆ ಹೊತ್ತಿಸಿ, ಗಂಜಿ ಕಾಯಿಸಿ ಕೊಟ್ಟು, ಅಳುವ ತಾಯಿಯ ಪಕ್ಕದಲ್ಲಿ ಸುಮ್ಮನೆ ಕುಳಿತಿರೋಣ.