ಶಿಫಾರಸು ಎಂಬ ವಿಮರ್ಶೆ: ಎಳೆಯರ ಕಥಾಸಾಹಿತ್ಯ ಮತ್ತು ಕನ್ನಡ ವಿಭಾಗಗಳ ಹೊಣೆ

ಮಕ್ಕಳಿಗೆ ಯಾವ ಕಥೆಪುಸ್ತಕ ಕೊಡಬೇಕು ಎಂಬ ಪ್ರಶ್ನೆ ತುಮಕೂರು, ಗುಬ್ಬಿ, ಕುಣಿಗಲ್‌ಗಳ ಕನ್ನಡ ಅಧ್ಯಾಪಕರಿಗೆ ಹೊಸದಲ್ಲ. ಪೋಷಕರು, ಶಾಲಾ ಶಿಕ್ಷಕರು, ಗ್ರಂಥಪಾಲಕರು ಇದನ್ನು ಕೇಳುತ್ತಲೇ ಇರುತ್ತಾರೆ. ನಾವು ಕೊಡುವ ಉತ್ತರ ಬಹುಮಟ್ಟಿಗೆ ನೆನಪಿನಿಂದ ಬಂದದ್ದು: ಪಂಜೆ, ರಾಜರತ್ನಂ, ಕುವೆಂಪು. ಈ ಹೆಸರುಗಳ ಹಿರಿಮೆ ಪ್ರಶ್ನಾತೀತ. ಆದರೆ ನಾವು ಬಾಲ್ಯದಲ್ಲಿ ಓದಿದ್ದನ್ನೇ ಮುಂದಿನವರಿಗೆ ದಾಟಿಸುವುದು ಗೌರವಾರ್ಪಣೆಯಾದೀತೇ ಹೊರತು ಶಿಫಾರಸು ಆಗಲಾರದು. ಶಿಫಾರಸು ಎಂಬುದು ಆಯ್ಕೆ, ಆಯ್ಕೆಯು ಮೌಲ್ಯನಿರ್ಣಯ. ಆದ್ದರಿಂದ ಅದು ವಿಮರ್ಶೆಯ ಕೆಲಸವೇ ಆಗಿದೆ.

ಕನ್ನಡದಲ್ಲಿ ಶಿಶುಗೀತೆಗಳಿಗೂ ಪುಟ್ಟ ಕಥೆಗಳಿಗೂ ಕೊರತೆಯಿಲ್ಲ. ನಿಜವಾದ ತೊಡಕು ಇರುವುದು ಹತ್ತರಿಂದ ಹದಿನೈದರ ವಯಸ್ಸಿನಲ್ಲಿ. ಶಿಶುಪ್ರಾಸವನ್ನು ದಾಟಿದ, ಪ್ರೌಢ ಕಾದಂಬರಿಯನ್ನು ಇನ್ನೂ ಮುಟ್ಟದ ಈ ಓದುಗನನ್ನು ನಾವು ನೀತಿಕಥೆಗೋ ಸ್ಪರ್ಧಾ ಪರೀಕ್ಷೆಯ ಕೈಪಿಡಿಗೋ ಒಪ್ಪಿಸಿಬಿಡುತ್ತೇವೆ. ಅವನು ಕನ್ನಡದ ಓದನ್ನು ಕೈಬಿಡುವುದು ಇಲ್ಲಿಯೇ ಎಂಬುದು ನನ್ನ ಅನಿಸಿಕೆ.

ಹಾಗೆಂದು ಕೃತಿಗಳೇ ಇಲ್ಲವೆಂದಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಕನ್ನಡದಲ್ಲಿ 2010ರಲ್ಲಿ ಬೊಳುವಾರು ಮಹಮದ್ ಕುಂಞಿ ಅವರ ‘ಪಾಪು ಗಾಂಧಿ ಗಾಂಧಿ ಬಾಪು ಆದ ಕತೆ’ಗೂ 2011ರಲ್ಲಿ ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’ ಕೃತಿಗೂ ಸಂದಿತು. ಮೊದಲನೆಯದು, ಶೀರ್ಷಿಕೆಯೇ ಸೂಚಿಸುವಂತೆ, ಮಹಾತ್ಮನನ್ನು ಪೀಠದಿಂದಿಳಿಸಿ ಮಗುವಿನ ಎತ್ತರಕ್ಕೆ ತರುತ್ತದೆ. ಎರಡನೆಯದನ್ನು ಕುಣಿಗಲ್‌ನ ತರಗತಿಯಲ್ಲಿ ಓದಿಸುವುದಕ್ಕೆ ವಿಶೇಷ ಅರ್ಥವಿದೆ. ತಮ್ಮೂರಿನ ಕೆರೆಯನ್ನು ಕೊಂಡಾಡುವ ಜನಪದ ಗೀತೆ ಅಲ್ಲಿನ ಮಕ್ಕಳಿಗೆ ಗೊತ್ತು. ಊರನ್ನು ಪೊರೆಯುವ ನೀರನ್ನು ಬಲ್ಲ ಮಗು, ಊರನ್ನೇ ಮುಳುಗಿಸುವ ನೀರಿನ ಕಥೆಯನ್ನು ಎದುರಾದಾಗ ತಾನೇ ಪ್ರಶ್ನೆ ಕೇಳತೊಡಗುತ್ತದೆ. ಅಧ್ಯಾಪಕ ನೀತಿಯನ್ನು ಹೇಳಬೇಕಾಗಿಲ್ಲ.

ಹದಿನಾಲ್ಕು ದಾಟಿದವರಿಗೆ ತೇಜಸ್ವಿಯವರ ‘ಕರ್ವಾಲೊ’ (1980) ಇದೆ. ಅದು ಮಕ್ಕಳಿಗೆಂದು ಬರೆದ ಕಾದಂಬರಿಯಲ್ಲ. ಆದರೆ ಹಾರುವ ಓತಿಯ ಹುಡುಕಾಟದ ಕುತೂಹಲ, ಮಂದಣ್ಣನಂಥ ಹಳ್ಳಿಗನ ತಿಳಿವಳಿಕೆಯನ್ನು ವಿಜ್ಞಾನಿಯೇ ಗೌರವಿಸುವ ರೀತಿ, ಇವೆರಡೂ ಈ ವಯಸ್ಸಿನವರನ್ನು ಹಿಡಿದಿಡಬಲ್ಲವು. ಎಳೆಯರ ಸಾಹಿತ್ಯದ ಗಡಿಯನ್ನು ಲೇಖಕನ ಉದ್ದೇಶಕ್ಕಿಂತ ಓದುಗನ ಅನುಭವ ನಿರ್ಧರಿಸುತ್ತದೆ.

ಹಿರಿಯರ ಆಯ್ಕೆ ಮಕ್ಕಳ ಮೇಲೆ ಹೇರಿಕೆಯಾಗದೇ ಎಂಬ ಆಕ್ಷೇಪವಿದೆ. ಅದು ನ್ಯಾಯವಾದುದೇ. ಪಟ್ಟಿ ಕಡ್ಡಾಯವಾದ ಕ್ಷಣವೇ ಮತ್ತೊಂದು ಪಠ್ಯಪುಸ್ತಕವಾಗುತ್ತದೆ. ಪುಸ್ತಕವನ್ನು ಅರ್ಧಕ್ಕೆ ಬಿಡುವ ಹಕ್ಕು ಮಗುವಿಗಿರಬೇಕು. ಏಕೆ ಬಿಟ್ಟಿತೆಂದು ಕೇಳುವ ಕುತೂಹಲ ನಮಗಿರಬೇಕು. ಗುಬ್ಬಿ ಇದಕ್ಕೊಂದು ದಾರಿ ತೋರುತ್ತದೆ. ಬಿ.ವಿ. ಕಾರಂತರು ಬಾಲಕರಾಗಿ ಸೇರಿದ್ದು ಗುಬ್ಬಿ ವೀರಣ್ಣನವರ ನಾಟಕ ಕಂಪನಿಯನ್ನು. ಕಥೆ ಕಣ್ಣಿಗಿಂತ ಮೊದಲು ಕಿವಿಗೆ ಬೀಳಬೇಕೆಂಬುದು ಆ ಪರಂಪರೆಯ ಪಾಠ. ಗಟ್ಟಿಯಾಗಿ ಓದಿ ಹೇಳಿದ ಒಂದು ಅಧ್ಯಾಯ ಹತ್ತು ಪಟ್ಟಿಗಳಿಗಿಂತ ಮಿಗಿಲು.

2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಬಾಗಿಲನ್ನು ಉಚಿತ ಸದಸ್ಯತ್ವದ ಮೂಲಕ ಮಕ್ಕಳಿಗೆ ತೆರೆಯಿತು. ಬಾಗಿಲು ತೆರೆದ ಮೇಲೆ ಕಪಾಟಿನಲ್ಲಿ ಏನಿರಬೇಕೆಂಬುದು ನಮ್ಮ ಪ್ರಶ್ನೆ. 2004ರಲ್ಲಿ ಸ್ಥಾಪನೆಯಾದ ತುಮಕೂರು ವಿಶ್ವವಿದ್ಯಾನಿಲಯವೂ ಜಿಲ್ಲೆಯ ಕಾಲೇಜುಗಳೂ ಒಂದು ಸರಳ ಕೆಲಸವನ್ನು ಕೈಗೊಳ್ಳಬಹುದು. ಪ್ರತಿಯೊಬ್ಬ ಸ್ನಾತಕೋತ್ತರ ವಿದ್ಯಾರ್ಥಿ ಒಂದು ಕೃತಿಯನ್ನು ಹತ್ತಿರದ ಮಕ್ಕಳೊಂದಿಗೆ ಓದಲಿ. ಅವರು ಎಲ್ಲಿ ನಕ್ಕರು, ಎಲ್ಲಿ ಆಕಳಿಸಿದರು ಎಂಬುದನ್ನು ಸೇರಿಸಿ ವಿಮರ್ಶೆ ಬರೆಯಲಿ. ಅಂಥ ಬರಹಗಳಿಂದ ಮೂಡುವ ಶಿಫಾರಸಿಗೆ ಮಾತ್ರ ಅಧಿಕಾರವಿರುತ್ತದೆ.

ನಾಳೆ ನಮ್ಮ ಸಂಶೋಧನೆಯನ್ನು ಓದುವವರು ಇಂದು ಆರನೆಯ ತರಗತಿಯಲ್ಲಿದ್ದಾರೆ. ಅವರ ಕೈಗೆ ಏನು ಕೊಡುತ್ತೇವೆಂಬುದನ್ನು ಕನ್ನಡ ವಿಭಾಗಗಳು ತಮ್ಮ ಅಧ್ಯಯನದ ಹೊರಗಿನ ವಿಷಯವೆಂದು ಭಾವಿಸುವಂತಿಲ್ಲ.