ಬಾಣಂತನದ ಖರ್ಚು ಯಾರ ತಲೆಗೆ?

1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಬಂದ ತಿದ್ದುಪಡಿ, ಮೊದಲ ಎರಡು ಮಕ್ಕಳಿಗೆ ಸಿಗುವ ಸಂಬಳಸಹಿತ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿತು. ಆ ಸಂಬಳದ ಹೊರೆಯನ್ನು ಮಾತ್ರ ಪೂರ್ತಿ ಮಾಲೀಕನ ಮೇಲೇ ಬಿಟ್ಟಿತು. ಹದಿನೈದಿಪ್ಪತ್ತು ಜನರ ಕಚೇರಿ ಇದಕ್ಕೆ ಏನು ಮಾಡುತ್ತದೆಂದು ತಿಳಿಯಲು ಸಮೀಕ್ಷೆ ಬೇಡ. ಮದುವೆ ಯಾವಾಗ, ಮಕ್ಕಳೆಷ್ಟು ಎಂದು ವಿಚಾರಿಸಿ, 'ಆಮೇಲೆ ತಿಳಿಸುತ್ತೇವೆ' ಎಂದು ಸಾಗಹಾಕುತ್ತಾರೆ.

ಇದು ಯಾರಿಗೂ ಹೊಳೆಯದ ಸಂಗತಿಯೇನಲ್ಲ. ಹೆರಿಗೆ ಭತ್ಯೆ ಸರ್ಕಾರದ ಬೊಕ್ಕಸದಿಂದ ಇಲ್ಲವೇ ವಿಮೆಯಿಂದ ಬರಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1919ರಲ್ಲೇ ಹೇಳಿತ್ತು. 1928ರಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ಹೆರಿಗೆ ಸೌಲಭ್ಯ ಮಸೂದೆಯನ್ನು ಬೆಂಬಲಿಸಿದ ಅಂಬೇಡ್ಕರ್, ತಾಯಿಯ ವಿಶ್ರಾಂತಿ ದೇಶದ ಹಿತದ ಪ್ರಶ್ನೆ, ಆದ್ದರಿಂದ ಹೊರೆಯ ಬಹುಪಾಲು ಸರ್ಕಾರದ್ದು ಎಂದು ವಾದಿಸಿದ್ದರು. ಮಾರ್ಚ್‌ಗೊಂದು ಮಹಿಳಾ ವಿಶೇಷಾಂಕ, ಏಪ್ರಿಲ್‌ಗೊಂದು ಅಂಬೇಡ್ಕರ್ ವಿಶೇಷಾಂಕ ತರುವ ಪತ್ರಿಕೆಗಳಲ್ಲಿ ಈ ಮಾತು ಎರಡರಲ್ಲೂ ಕಾಣುವುದಿಲ್ಲ. 'ತ್ಯಾಗಮಯಿ ತಾಯಿ'ಗಾದರೆ ಪುಟಗಟ್ಟಲೆ ಜಾಗ. ದುಡಿಯುವ ತಾಯಂದಿರ ಕುರಿತ ಈ ಸಂಚಿಕೆಯಲ್ಲಿ ಆ ತ್ಯಾಗಮಯಿಗೆ ಜಾಗವಿಲ್ಲ.

ದಾರಿ ಹೊಸದಾಗಿ ಹುಡುಕಬೇಕಿಲ್ಲ, ನೌಕರರ ರಾಜ್ಯ ವಿಮೆಯಲ್ಲೇ (ಇಎಸ್‌ಐ) ಇದೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿರುವ ಎಲ್ಲರ ಲೆಕ್ಕಕ್ಕೂ, ಗಂಡು ಹೆಣ್ಣೆನ್ನದೆ, ಮಾಲೀಕ ಶೇ 3.25 ಕಟ್ಟುತ್ತಾನೆ, ನೌಕರರು ಶೇ 0.75. ಹೆರಿಗೆಯ ಹಣ ಕೊಡುವುದು ಇಎಸ್‌ಐ ನಿಗಮ. ಹೆಂಗಸನ್ನು ಕೆಲಸಕ್ಕೆ ಸೇರಿಸಿಕೊಂಡರೆ ರಜೆ ಸಂಬಳದ ಪ್ರತ್ಯೇಕ ಖರ್ಚು ಬೀಳುವುದಿಲ್ಲ. ಪೀಣ್ಯದ ಗಾರ್ಮೆಂಟ್ಸ್ ಹೆಣ್ಣುಮಗಳಿಗೆ ದಕ್ಕಿದ ಈ ನ್ಯಾಯ, 40,000 ಸಂಬಳದ ಅಕೌಂಟೆಂಟ್‌ಗೆ ಇಲ್ಲ.

ಹಾಗೆಂದು ಗಾರ್ಮೆಂಟ್ಸ್‌ನಲ್ಲಿ ಎಲ್ಲ ಸುಖವಾಗಿದೆ ಎಂದಲ್ಲ. 50 ಜನರಿರುವ ಕಡೆ ಶಿಶುಪಾಲನಾ ಕೇಂದ್ರವಿರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಿಬರಬಹುದು ಎಂದಿತು 2017ರ ತಿದ್ದುಪಡಿ. ಆದರೆ ಲೈನಿನಲ್ಲಿ ಗಂಟೆಗಿಷ್ಟು ಪೀಸು ಎಂಬ ಟಾರ್ಗೆಟ್ ಇರುತ್ತದೆ. ತೋಳು ಹೊಲಿಯುವವಳು ಎದ್ದರೆ ಮುಂದಿನ ಮೆಷಿನ್ನಿನವಳು ಬಂಡಲ್ ಬಾರದೆ ಕೈಕಟ್ಟಿ ಕೂರುತ್ತಾಳೆ, ಸೂಪರ್‌ವೈಸರ್ ಇಬ್ಬರ ಮೇಲೂ ರೇಗುತ್ತಾನೆ. ನಾಲ್ಕು ಸಲದ ಹಕ್ಕು ಊಟದ ಬಿಡುವಿಗೆ ಇಳಿಯುವುದು ಹೀಗೆ.

ಇನ್ನು ತಂದೆ. ಕೇಂದ್ರ ಸರ್ಕಾರಿ ನೌಕರನಿಗೆ 15 ದಿನ ಪಿತೃತ್ವ ರಜೆಯಿದೆ. ಆದರೆ ಶಿಶುಪಾಲನಾ ರಜೆ ಸಿಗಬೇಕಾದರೆ ಅವನು ಒಂಟಿ ಪೋಷಕನಾಗಿರಬೇಕು. ಮನೆಯಲ್ಲಿ ಹೆಂಡತಿಯಿದ್ದರೆ ಮಗು ಅವಳದೇ ಎಂಬುದು ನಿಯಮದ ತಿಳುವಳಿಕೆ. ಖಾಸಗಿ ನೌಕರನಿಗೆ ಕೇಂದ್ರದ ಕಾನೂನು ಒಂದು ದಿನವನ್ನೂ ಕೊಟ್ಟಿಲ್ಲ. 2020ರ ಸಾಮಾಜಿಕ ಭದ್ರತಾ ಸಂಹಿತೆ 26 ವಾರವನ್ನೂ ಮಾಲೀಕನ ಹೊರೆಯನ್ನೂ ಇದ್ದ ಹಾಗೇ ಉಳಿಸಿಕೊಂಡಿತು. ತಂದೆಯ ರಜೆಯ ಮಾತೇ ಅದರಲ್ಲಿಲ್ಲ.