ಲೆಕ್ಕಪತ್ರ ಕ್ಲೌಡ್‌ನಲ್ಲಿದ್ದರೂ ಹೊಣೆ ವರ್ತಕರದೇ

ಹಿಂದೆ ಕಿರ್ದಿ, ಖತಾವಣಿಗಳು ಅಂಗಡಿಯ ಬೀರುವಿನಲ್ಲಿರುತ್ತಿದ್ದವು. ಬೀಗದ ಕೈ ಯಜಮಾನರ ಬಳಿಯಿರುತ್ತಿತ್ತು. ಇಂದು ಲೆಕ್ಕಪತ್ರ, ಗಿರಾಕಿಗಳ ಉದ್ರಿ ಪಟ್ಟಿ, ನೌಕರರ ಬ್ಯಾಂಕ್ ವಿವರ, ಖರೀದಿ ದರಗಳೆಲ್ಲವೂ ಕ್ಲೌಡ್ ಸೇವಾ ಸಂಸ್ಥೆಗಳ ಸರ್ವರ್‌ಗಳನ್ನು ಸೇರುತ್ತಿವೆ. ಇದರಿಂದ ಖರ್ಚೂ ಶ್ರಮವೂ ಉಳಿಯುವುದು ನಿಜ. ಆದರೆ ಬೀಗದ ಕೈ ಈಗ ಯಾರ ಬಳಿಯಿದೆ ಎಂದು ವಿಚಾರಿಸುವವರು ವಿರಳ.

2012ರ ಜನವರಿಯಲ್ಲಿ ಮೆಗಾಅಪ್‌ಲೋಡ್ ಎಂಬ ಕಡತ ಸಂಗ್ರಹ ಸೇವೆಯನ್ನು ಕೃತಿಸ್ವಾಮ್ಯ ಉಲ್ಲಂಘನೆಯ ಆರೋಪದ ಮೇಲೆ ಅಮೆರಿಕ ಸರ್ಕಾರ ಮುಚ್ಚಿಸಿತು. ಆರೋಪವಿದ್ದುದು ಸಂಸ್ಥೆಯ ಮೇಲೆ. ಆದರೆ ನ್ಯಾಯವಾಗಿ ಕಡತಗಳನ್ನಿರಿಸಿದ್ದ ಗ್ರಾಹಕರಿಗೂ ಬಾಗಿಲು ಮುಚ್ಚಿತು. ಒಹಾಯೊ ರಾಜ್ಯದಲ್ಲಿ ಶಾಲಾ ಕ್ರೀಡೆಗಳನ್ನು ಚಿತ್ರೀಕರಿಸುತ್ತಿದ್ದ ಸಣ್ಣ ಉದ್ಯಮಿಯೊಬ್ಬರ ಸ್ವಂತ ಹಾರ್ಡ್ ಡಿಸ್ಕ್ ಸಹ ಕೆಟ್ಟಿದ್ದುದರಿಂದ, ತಮ್ಮದೇ ಕಡತಗಳಿಗಾಗಿ ಅವರು ವರ್ಷಗಟ್ಟಲೆ ನ್ಯಾಯಾಲಯದ ಮೊರೆಹೋಗಬೇಕಾಯಿತು.

ನಮ್ಮ ದೇಶದಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಬಳಿಕ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023 ರೂಪುಗೊಂಡಿತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಮುಖ್ಯ ಹೊಣೆಗಾರಿಕೆಗಳಿಗೆ 18 ತಿಂಗಳ ಕಾಲಾವಕಾಶ ನೀಡಲಾಗಿದೆ. ಈ ಕಾಯ್ದೆಯನ್ವಯ, ಗಿರಾಕಿ ಹಾಗೂ ನೌಕರರ ಮಾಹಿತಿಯನ್ನು ಹೊರಗಿನ ಸಂಸ್ಥೆಗೆ ಒಪ್ಪಿಸಿದರೂ ಕಾನೂನಿನ ಹೊಣೆ ಒಪ್ಪಿಸಿದವರ ಮೇಲೆಯೇ ಉಳಿಯುತ್ತದೆ. ಸೂಕ್ತ ರಕ್ಷಣಾ ಕ್ರಮ ಕೈಗೊಳ್ಳದಿದ್ದಲ್ಲಿ ದಂಡದ ಮಿತಿ 250 ಕೋಟಿ ರೂಪಾಯಿ.

ಇನ್ನೊಂದು ಅಂಶ ಗಮನಾರ್ಹ. ಈ ಕಾಯ್ದೆ ಕಾಪಾಡುವುದು ವ್ಯಕ್ತಿಗಳ ಮಾಹಿತಿಯನ್ನೇ ಹೊರತು ವ್ಯಾಪಾರದ ಗುಟ್ಟನ್ನಲ್ಲ. ದರಪಟ್ಟಿ, ತಯಾರಿಕಾ ಸೂತ್ರ, ನಕ್ಷೆಗಳಿಗೆ ಮುಖ್ಯ ರಕ್ಷಣೆ ಸೇವಾ ಕರಾರೇ. ಆ ಕರಾರನ್ನೋ, ಬಹುಮಂದಿ ಓದದೆಯೇ ‘ಒಪ್ಪಿದೆ’ ಎಂದು ಗುಂಡಿ ಒತ್ತುತ್ತಾರೆ.

ತೆರಿಗೆ ಮತ್ತು ಕಂಪನಿ ಕಾನೂನುಗಳೂ ವಿನಾಯಿತಿ ಕೊಡುವುದಿಲ್ಲ. ಜಿ.ಎಸ್.ಟಿ. ಲೆಕ್ಕಪತ್ರಗಳನ್ನು ವಾರ್ಷಿಕ ವಿವರಪತ್ರದ ಕೊನೆಯ ದಿನಾಂಕದಿಂದ 72 ತಿಂಗಳು, ಕಂಪನಿಗಳ ಲೆಕ್ಕಪತ್ರಗಳನ್ನು 8 ವರ್ಷ ಕಾಯ್ದಿರಿಸಬೇಕು. ಕಂಪನಿಗಳು ವಿದ್ಯುನ್ಮಾನ ಲೆಕ್ಕಪತ್ರದ ಬ್ಯಾಕಪ್ಪನ್ನು ಭಾರತದಲ್ಲಿರುವ ಸರ್ವರ್‌ನಲ್ಲಿ ಪ್ರತಿದಿನ ಇರಿಸಬೇಕೆಂದು 2022ರ ತಿದ್ದುಪಡಿ ವಿಧಿಸಿದೆ. ಚಂದಾ ನಿಂತಿತೆಂದು ಸೇವಾ ಸಂಸ್ಥೆ ಕಡತ ಅಳಿಸಿದರೆ, ತನಿಖಾಧಿಕಾರಿಯ ಮುಂದೆ ಆ ಉತ್ತರ ನಿಲ್ಲುವುದು ಕಷ್ಟ.

ಆದ್ದರಿಂದ ಸರ್ವರ್ ಎಲ್ಲಿದೆ, ಕಡತ ಯಾರು ನೋಡಬಲ್ಲರು, ಸೋರಿಕೆಯಾದರೆ ಎಷ್ಟು ಬೇಗ ತಿಳಿಸುವರು, ಸೇವೆ ಬಿಟ್ಟಾಗ ದತ್ತಾಂಶ ಯಾವ ರೂಪದಲ್ಲಿ ಎಷ್ಟು ದಿನದೊಳಗೆ ಮರಳುವುದು ಎಂಬ ನಾಲ್ಕು ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆಯುವುದು ಲೇಸು. ಒಂದು ಪ್ರತಿ ಸ್ವಂತ ವಶದಲ್ಲಿರಲೇಬೇಕು.

ಒಬ್ಬ ಸಣ್ಣ ವರ್ತಕನ ಮಾತಿಗೆ ದೊಡ್ಡ ಸಂಸ್ಥೆಗಳು ಕರಾರು ತಿದ್ದುವುದು ಅಪರೂಪ. ವಾಣಿಜ್ಯ ಮಂಡಳಿಗಳು ಕನ್ನಡದಲ್ಲಿ ಮಾದರಿ ಕರಾರು ರೂಪಿಸಿ ಸದಸ್ಯರೆಲ್ಲರ ಪರವಾಗಿ ಮಾತನಾಡಿದರೆ ಫಲ ಸಿಕ್ಕೀತು. 18 ತಿಂಗಳ ಕಾಲಾವಕಾಶ ಇರುವುದು ಇಂತಹ ಸಿದ್ಧತೆಗಾಗಿಯೇ.